ಹೊಸ್ತಿಲು ದಾಟಿದ ಮಗಳು

ಮಳೆ ಇಳಿಯುವ ಸೋಣ ತಿಂಗಳಲ್ಲಿ ನಮ್ಮ ಕಡೆ ಹೆಂಗಸರು ದಿನಾ ಬೆಳಿಗ್ಗೆ ಹೊಸ್ತಿಲಿಗೆ ಪೂಜೆ ಮಾಡುತ್ತಾರೆ. ತೊಳೆದು, ರಂಗೋಲಿ ಎಳೆದು, ಅರಶಿನ ಕುಂಕುಮ ಹಚ್ಚಿ, ಬೇಲಿಯಲ್ಲಿ ಬಿಡುವ ಸೋಣೆ ಹೂವನ್ನು ಸಾಲಾಗಿ ಇಡುತ್ತಾರೆ. ಹೆಂಡತಿ ತೀರಿಕೊಂಡ ವರ್ಷ ಈ ಕೆಲಸ ನಿಂತೇ ಹೋಯಿತು ಅಂದುಕೊಂಡಿದ್ದೆ. ಅಮ್ಮನ ಪಕ್ಕ ಕೂತು ನೋಡಿ ಕಲಿತಿದ್ದ ಮಗಳು, ಯಾರೂ ಹೇಳದೆ ತಾನೇ ಚೊಂಬು ಹಿಡಿದು ಕೂತಳು.

ಆಗ ಅವಳು ಎಷ್ಟು ಸಣ್ಣವಳಿದ್ದಳೆಂದರೆ, ಇಟ್ಟ ಹೂವನ್ನು ತುಳಿಯದೆ ದಾಟಲು ನನ್ನ ಕೈ ಬೇಕಿತ್ತು. ಕೈ ಹಿಡಿದು ಒಂದೇ ನೆಗೆತ. ಆಮೇಲಿನ ವರ್ಷಗಳಲ್ಲೂ ಕೈ ಹಿಡಿಯುತ್ತಿದ್ದಳು, ಆದರೆ ನೆಗೆಯುತ್ತಿರಲಿಲ್ಲ. ಅದು ಯಾಕೆ ನನ್ನ ಕಣ್ಣಿಗೆ ಬೀಳಲಿಲ್ಲವೋ. ತ್ರಾಸಿಯ ಹೆದ್ದಾರಿ ಬದಿ ನನ್ನದೊಂದು ಚಾ ಹೋಟೆಲಿದೆ. ಬೆಳಗಾದರೆ ನನಗೆ ದೋಸೆ ಹಿಟ್ಟಿನದೇ ಚಿಂತೆ, ಮೂಗಿನ ತುದಿಯಲ್ಲೇ ಸಿಟ್ಟು. ಪೂಜೆ ಮುಗಿಯುವವರೆಗೆ ಅವಳು ನನ್ನನ್ನು ಹೊರಗೆ ಬಿಡುತ್ತಿರಲಿಲ್ಲ.

"ಅಲ್ಲೇ ನಿಲ್ಲಿ ಅಪ್ಪಯ್ಯ. ಹೂ ಮೆಟ್ಟುಕಾಗ."

ಗಿರಾಕಿಗಳು ಕಾಯುತ್ತಿದ್ದರೂ ನಾನು ನಿಲ್ಲುತ್ತಿದ್ದೆ. ಊರಿಗೆಲ್ಲ ಜೋರು ಮಾಡುವವನು ಅವಳೊಬ್ಬಳ ಮುಂದೆ ಬೆಕ್ಕು.

ಈ ವರ್ಷ ಸೋಣದ ನಡುವೆ ಒಂದು ಬೆಳಿಗ್ಗೆ ಹೊಸ್ತಿಲು ಬರಿದಾಗಿತ್ತು. ಮಗಳು ಹಿಂದಿನ ಜಗಲಿಯ ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು.

"ಎಂತ ಕೂತ್ಕಂಡದ್ದ್? ಹುಷಾರಿಲ್ಯಾ?"

"ಇವತ್ ಪೂಜೆ ನೀವೇ ಮಾಡಿ. ನಾ ಮುಟ್ಟುಕಾಗ."

ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಅವಳೇ ಹೇಳಿದಳು, "ಅತ್ತೆಗ್ ಫೋನ್ ಮಾಡಿದ್ದೆ. ಮಧ್ಯಾಹ್ನ ಬತ್ರಂಬ್ರ್."

ಅತ್ತೆಯೆಂದರೆ ಬ್ರಹ್ಮಾವರದಲ್ಲಿರುವ ನನ್ನ ಅಕ್ಕ. ನಾನು ಮಲಗಿದ್ದಾಗ ನನ್ನದೇ ಫೋನಿನಲ್ಲಿ ಮಾತಾಡಿದ್ದಳು. ಹಲ್ಲು ಅಲುಗಿದರೂ ನನಗೇ ಮೊದಲು ತೋರಿಸುತ್ತಿದ್ದ ಹುಡುಗಿ. ನನಗೆ ನೋವಾಯಿತು. ಹೀಗೆ ನೋಯುವುದೇ ತಪ್ಪು ಅಂತಲೂ ಅನ್ನಿಸಿತು.

ಗಂಡಸರು ಮಾಡುವ ಪೂಜೆಯಲ್ಲ ಅದು. ಆದರೂ ಕೂತೆ. ಅವಳು ದೂರದಿಂದಲೇ ಹೇಳಿಕೊಡುತ್ತಿದ್ದಳು, "ಅರಶಿನ ಮೊದ್ಲ್. ಅದ್ ಕುಂಕುಮ ಅಪ್ಪಯ್ಯ." ನಾನೆಳೆದ ರಂಗೋಲಿ ನೋಡಿ ನಕ್ಕಳು. ಅವಳ ಅಮ್ಮ ನಗುತ್ತಿದ್ದುದೂ ಹಾಗೆಯೇ, ಸೆರಗಿನಿಂದಲೋ ಕೈಯಿಂದಲೋ ಬಾಯಿ ಮುಚ್ಚಿಕೊಂಡು. ಈ ನಗು ಇವಳಿಗೆ ಯಾವಾಗ ಬಂತು ಎಂದು ನನಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ಅಕ್ಕ ಬಂದಳು. ಮಗಳನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು. ನಾನು ಹೊರಗೆ ನಿಂತು ತೆಂಗಿನ ಗರಿ ಒಟ್ಟು ಮಾಡಿದೆ. ಸಂಜೆ ಅಕ್ಕ ಮೆಲ್ಲಗೆ ಮಾತು ತೆಗೆದಳು.

"ಇನ್ ಮೇಲೆ ನೀ ಒಬ್ನೇ ಹ್ಯಾಂಗ್ ಕಂಡ್ಕಂತೆ? ನಮ್ ಮನಿಯಗೇ ಇರ್ಲಿ. ಶಾಲಿ ಹತ್ರ, ನನ್ ಹೆಣ್ಮಕ್ಕಳೂ ಇದ್ರ್."

ನಾನು ಮೂಲೆಯಲ್ಲಿ ಕೂತಿದ್ದ ಮಗಳ ಕಡೆ ತಿರುಗಿದೆ. ಅವಳು ಬೇಡ ಎಂದಿದ್ದರೆ ಸಾಕಿತ್ತು. ಅಕ್ಕನೊಡನೆ ಜಗಳಕ್ಕೂ ತಯಾರಿದ್ದೆ.

"ನೀ ಎಂತ ಹೇಳ್ತೆ?"

ಅವಳು ನೆಲ ನೋಡುತ್ತ ಹೇಳಿದಳು, "ಅತ್ತೆ ಒಟ್ಟಿಗ್ ಹೋತೆ. ನಿಮ್ಮತ್ರ ಎಲ್ಲ ಹೇಳುಕ್ ಆತಿಲ್ಲೆ ಅಪ್ಪಯ್ಯ."

ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಅನ್ನುತ್ತಾರೆ. ನಾನಿನ್ನೂ ಕೊಟ್ಟೇ ಇರಲಿಲ್ಲ.

ಹೊರಡುವ ದಿನ ತಲೆಗೆ ಮಿಂದು ಅವಳೇ ಪೂಜೆ ಮಾಡಿದಳು. ರಂಗೋಲಿಯ ಎಳೆ ಒಂದೂ ತಪ್ಪಿರಲಿಲ್ಲ. ಅಕ್ಕ ಚೀಲ ಹಿಡಿದು ಮುಂದೆ ನಡೆದಳು. ನಾನು ಹೊರಗೆ ನಿಂತು, ಅಭ್ಯಾಸಬಲದಿಂದ ಕೈ ಚಾಚಿದೆ. ಮಗಳು ಲಂಗವನ್ನು ತುಸು ಎತ್ತಿ, ಒಂದು ಹೂವೂ ಅಲುಗದ ಹಾಗೆ, ತಾನೇ ದಾಟಿದಳು. ನನ್ನ ಕೈಯನ್ನು ಅವಳು ನೋಡಲೂ ಇಲ್ಲ.

"ದೀಪಾವಳಿಗ್ ಬತ್ತೆ ಅಪ್ಪಯ್ಯ."

ನೆಂಟರು ಹೋಗುವಾಗ ಹೇಳುವ ಮಾತು ಅದು.