ಕ್ಲೈಮ್ಯಾಕ್ಸ್ ಅಕ್ಕನ ಕುರ್ಚಿ

ನಮ್ಮ ಚಿತ್ರಮಂದಿರದಲ್ಲಿ ಕಸ ಗುಡಿಸುವವರು ನಾವು ನಾಲ್ವರು ಹೆಂಗಸರು. ನಮ್ಮಲ್ಲಿ ಹಿರಿಯಳಿಗೆ ಕ್ಲೈಮ್ಯಾಕ್ಸ್ ಅಕ್ಕ ಎಂದು ಹೆಸರಿಟ್ಟವಳು ನಾನೇ. ಕೊನೆಯ ಹೊಡೆದಾಟದ ಸಂಗೀತ ಕೇಳಿಸಿತೆಂದರೆ ನಾವು ಪೊರಕೆ ಹಿಡಿದು ಬಾಗಿಲ ಬಳಿ ನಿಲ್ಲಬೇಕು, ಲೈಟು ಹತ್ತಿದೊಡನೆ ಒಳಗೆ ನುಗ್ಗಬೇಕು. ಹಾಗಾಗಿ, ಬಾಗಿಲ ಸಂದಿಯಲ್ಲಿ ಇಣುಕಿ ಇಣುಕಿ, ಬಂದ ಸಿನಿಮಾಗಳ ಕೊನೆಯೆಲ್ಲ ಅಕ್ಕನಿಗೆ ಬಾಯಿಪಾಠ, ಶುರು ಮಾತ್ರ ಒಂದರದ್ದೂ ಗೊತ್ತಿಲ್ಲ. ಹಿಂದಿನ ಕಥೆಯನ್ನು ಅವಳೇ ಕಟ್ಟಿ ಹೇಳುತ್ತಿದ್ದಳು. ಅದರಲ್ಲಿ ಎಷ್ಟೋ ಸಲ ಖಳನಾಯಕನ ಕಡೆಗೇ ನ್ಯಾಯವಿರುತ್ತಿತ್ತು.

"ಸಾಯೋದ್ರೊಳಗೆ ಒಂದ್ಸಲ ಸಿನಿಮಾ ಪೂರ್ತಿ ನೋಡ್ಬೇಕು ಕಣೆ. ಲೈಟು ಹತ್ತುವಾಗ ನಾನು ಕುರ್ಚಿಲಿ ಕೂತಿರ್ಬೇಕು," ಎನ್ನುತ್ತಿದ್ದಳು.

ಟಿಕೆಟ್ ತಗೊಂಡು ನೋಡು ಎಂದರೆ, "ನಾನು ಒರೆಸಿದ ಕುರ್ಚಿಗೆ ನಾನೇ ದುಡ್ಡು ಕೊಡ್ಲಾ?" ಎಂದು ಮೂಗು ಮುರಿಯುತ್ತಿದ್ದಳು.

ಅಷ್ಟರಲ್ಲಿ ಬಂತಪ್ಪ ಆ ಸಿನಿಮಾ. ಕಸ ಗುಡಿಸುವ ಹೆಣ್ಣೊಬ್ಬಳಿಗೆ ಹಾರುವ ಶಕ್ತಿ ಬಂದು, ಅವಳು ಊರನ್ನೇ ಕಾಪಾಡುತ್ತಾಳಂತೆ. ಮ್ಯಾನೇಜರು ಮೊದಲ ಬಾರಿಗೆ ನಮ್ಮ ಪೊರಕೆ ಕೋಣೆಯೊಳಗೆ ಕಾಲಿಟ್ಟರು.

"ಇದು ನಿಮ್ಮ ಸಿನಿಮಾ! ನಿಮ್ಮನ್ನ ತೆರೆ ಮೇಲೆ ಯಾರಾದ್ರೂ ಹೀಗೆ ತೋರ್ಸಿದ್ರಾ? ಮೊದಲ ಶೋಗೆ ನಿಮ್ಮ ಪ್ರತಿನಿಧಿಯಾಗಿ ಒಬ್ರು ಮುಂದಿನ ಸಾಲಲ್ಲಿ ಕೂರ್ಬೇಕು."

"ನಾಲ್ಕೂ ಜನ ಕೂರ್ಬಹುದಲ್ಲ ಸಾರ್?" ಎಂದೆ.

"ಆಮೇಲೆ ಗುಡಿಸೋರು ಯಾರಮ್ಮ?"

ಸರಿ, ನಾವು ಮತ ಹಾಕಿದೆವು. ಎಲ್ಲರಿಗೂ ಒಂದೊಂದು ಮತ ಬಿತ್ತು; ಯಾರ ಮತ ಯಾರಿಗೆಂದು ಬಿಡಿಸಿ ಹೇಳಬೇಕೆ? ಕೊನೆಗೆ ಮ್ಯಾನೇಜರೇ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ, ಫೋಟೋದಲ್ಲಿ ಹೆಚ್ಚು ಬಡವಳಂತೆ ಕಾಣುತ್ತಾಳೆಂದು ಅಕ್ಕನನ್ನು ಆರಿಸಿದರು. ಹೊಟ್ಟೆ ಉರಿದರೂ ನನಗೆ ಖುಷಿಯೇ ಆಯಿತು.

ಅಂದು ಅಕ್ಕ ಪೆಟ್ಟಿಗೆಯಲ್ಲಿದ್ದ ರೇಷ್ಮೆ ಸೀರೆ ಉಟ್ಟು ಬಂದಳು. ಮ್ಯಾನೇಜರ ಮುಖ ಹುಳ್ಳಗಾಯಿತು. "ಏನಮ್ಮಾ ಇದು? ಹೀಗೆ ಬಂದ್ರೆ ಯಾರಿಗೆ ಗೊತ್ತಾಗುತ್ತೆ ನೀನು ಯಾರು ಅಂತ?" ಎಂದು ಸೀರೆಯ ಮೇಲೆ ಕೆಲಸದ ನೀಲಿ ಕೋಟು ಹಾಕಿಸಿ, ಕೈಗೊಂದು ಹೂಗುಚ್ಛ ಕೊಟ್ಟು ಕೂರಿಸಿದರು. ಬಂದ ಪ್ರೇಕ್ಷಕರಿಗೆಲ್ಲ ಬೀಸಲಿಕ್ಕೆಂದು ಒಂದೊಂದು ರಟ್ಟಿನ ಪೊರಕೆ ಹಂಚಿದರು. ಲೈಟು ಆರುವವರೆಗೂ ಅಕ್ಕ ತಿರುತಿರುಗಿ ನಮ್ಮತ್ತ ನೋಡಿ ನಗುತ್ತಿದ್ದಳು.

ಸಿನಿಮಾ ಮುಗಿಯುತ್ತ ಬಂದಾಗ ನಾವು ಮೂವರು ಬಾಗಿಲ ಹೊರಗೆ ಸಾಲಾಗಿ ನಿಂತಿದ್ದೆವು. ಹೊಡೆದಾಟದ ಸಂಗೀತ ಶುರುವಾಯಿತು. ಅದು ಮುಗಿಯುವ ಹೊತ್ತಿಗೆ, ಕತ್ತಲಲ್ಲಿ ತಡವರಿಸುತ್ತ ಬಾಗಿಲು ತಳ್ಳಿಕೊಂಡು ಬಂದ ಅಕ್ಕ, ಗೋಡೆಗೆ ಒರಗಿಸಿದ್ದ ತನ್ನ ಪೊರಕೆ ಎತ್ತಿಕೊಂಡು ನನ್ನ ಪಕ್ಕ ನಿಂತಳು.

"ಅಕ್ಕಾ! ಯಾಕೆ ಎದ್ದು ಬಂದೆ?"

ಅವಳು ಕೈಯಲ್ಲಿದ್ದ ಪೊರಕೆ ನೋಡಿದಳು. "ಅಯ್ಯೋ, ನನ್ನ ಬುದ್ಧಿಗೆ ಬೆಂಕಿ ಹಾಕ! ಮ್ಯೂಸಿಕ್ ಬಂತಲ್ಲೇ, ಕಾಲು ತಾನಾಗೇ ಎದ್ದು ಬಂತು!"

"ಓಡು, ಓಡು!"

ಪೊರಕೆ ಬಿಸಾಡಿ ಓಡಿದಳು. ಮುಂದಿನ ಸಾಲು ಇನ್ನೂ ದೂರವಿತ್ತು, ಲೈಟು ಹತ್ತೇಬಿಟ್ಟಿತು. ಜನ ಎದ್ದು ನಿಂತು ರಟ್ಟಿನ ಪೊರಕೆ ಬೀಸುತ್ತಿದ್ದರು. ಮ್ಯಾನೇಜರು ಮೈಕು ಹಿಡಿದು, "ಇಗೋ, ನಮ್ಮ ನಿಜವಾದ ನಾಯಕಿ!" ಎಂದು ಕುರ್ಚಿಯತ್ತ ಕೈ ತೋರಿಸಿದರು. ಅಲ್ಲಿ ಹೂಗುಚ್ಛ ಕೂತಿತ್ತು. ಜನ ಅದಕ್ಕೇ ಚಪ್ಪಾಳೆ ತಟ್ಟಿದರು. ನಡುದಾರಿಯಲ್ಲಿ ನಿಂತಿದ್ದ ಅಕ್ಕನಿಗೆ ಒಬ್ಬ, "ಸ್ವಲ್ಪ ಸರೀರಿ, ಕಾಣಲ್ಲ," ಎಂದ. ನನಗೆ ಅಳುವೂ ಬಂತು, ಅವನ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟೂ ಬಂತು.

ಜನ ಹೋದರು. ನೆಲದ ತುಂಬ ರಟ್ಟಿನ ಪೊರಕೆಗಳು. ಅವನ್ನೆಲ್ಲ ನಮ್ಮ ಪೊರಕೆಯಿಂದ ಗುಡಿಸತೊಡಗಿದೆವು. ಅಕ್ಕನೂ ಬಿಸಾಡಿದ್ದ ಪೊರಕೆ ಎತ್ತಿಕೊಂಡು ಬಂದಳು.

"ಹೋಗ್ಲಿ ಬಿಡಕ್ಕ. ಶುರು ಹೇಗಿತ್ತು, ಅದನ್ನಾದ್ರೂ ಹೇಳು," ಎಂದೆ.

"ಶುರುವಲ್ಲಿ ಒಂದು ಆಸ್ಪತ್ರೆ ಗುಡಿಸ್ತಿರ್ತಾಳೆ ಕಣೆ. ಚೆನ್ನಾಗೇ ಗುಡಿಸ್ತಾಳೆ. ಆಮೇಲೆ ಶಕ್ತಿ ಬರುತ್ತೆ, ಪೊರಕೆ ಬಿಟ್ಟು ಹಾರಿಹೋಗ್ತಾಳೆ."

"ಆಮೇಲೆ ಆ ಆಸ್ಪತ್ರೆ ಗುಡಿಸೋರು ಯಾರು?"

ಅಕ್ಕ ಸೊಂಟ ನೆಟ್ಟಗೆ ಮಾಡಿ, ಖಾಲಿ ತೆರೆಯನ್ನು ನೋಡಿದಳು. "ನಾನೂ ಅದಕ್ಕೇ ಕಾಯ್ತಾ ಕೂತಿದ್ದೆ. ತೋರಿಸ್ಲೇ ಇಲ್ಲ."

ಮತ್ತೆ ಬಗ್ಗಿದಳು. "ಕಾಲು ತೆಗಿ, ಅಲ್ಲೊಂದು ಬಿದ್ದಿದೆ," ಎಂದಳು.