ನೊರೆಗೆ ಕಾರ್ಡಿಲ್ಲೆ

ಮಂಚಿಕೇರಿಯ ನ್ಯಾಯಬೆಲೆ ಅಂಗಡಿಯವರು ಸೀಮೆಎಣ್ಣೆ ಅಳೆಯುವುದನ್ನು ನೋಡಿದರೆ ಅವಸರದವರಿಗೆ ಮೈ ಉರಿಯುತ್ತಿತ್ತು. ಬ್ಯಾರಲ್ಲಿನ ಪಂಪು ಒತ್ತಿ ಲೀಟರಿನ ಮಾಪು ತುಂಬಿಸಿ, ಆಮೇಲೆ ಕೈಕಟ್ಟಿ ನಿಂತುಬಿಡುವರು. ನೊರೆ ಇಳಿದು ಬೆರಳಗಲ ಖಾಲಿ ಕಂಡ ಮೇಲೆ ಅಷ್ಟನ್ನೂ ಮತ್ತೆ ತುಂಬಿಸಿಯೇ ಡಬ್ಬಿಗೆ ಸುರಿಯುವರು. ರೇಷನ್ ಕಾರ್ಡು ಹಿಡಿದು ನಿಂತವರು ಗೊಣಗಿದರೆ ಒಂದೇ ಮಾತು: "ನೊರೆಗೆ ಕಾರ್ಡಿಲ್ಲೆ, ತಡೀರಿ."

ತೊಂಬತ್ತರ ದಶಕದ ಒಂದು ಬಜೆಟ್ಟಿನ ಸಂಜೆ. ಹೊರದೇಶದ ಎಣ್ಣೆ ತುಟ್ಟಿಯಾಗಿದೆ, ನಾಳೆಯಿಂದ ಸೀಮೆಎಣ್ಣೆಗೂ ಹೊಸ ದರ ಎಂಬ ಸುದ್ದಿ ಹಬ್ಬಿ, ಅಂಗಡಿಯ ಸಾಲು ರಸ್ತೆಗೆ ಬಂದಿತ್ತು. ಕರೆಂಟಿಲ್ಲದ ಬಾಡಿಗೆ ಕೋಣೆಯಲ್ಲಿದ್ದ ಹೊಸ ಮಾಸ್ತರನಾದ ನಾನು ಕಟ್ಟಕಡೆಗೆ ನಿಂತಿದ್ದೆ.

"ನೊರೆ ಹಾಳಾಗಲಿ ಮಾರಾಯ್ರೆ, ಬೇಗ ಸುರೀರಿ!" ಎಂದು ಕೂಗಿದೆ.

"ಅವಸರ ಮಾಡಿದ್ರೆ ಲುಕ್ಸಾನು ನಿಮಗೇ ಮಾಸ್ತರೇ, ಎನಗಲ್ಲ," ಎಂದು ಅವರು ಮತ್ತೆ ಕೈಕಟ್ಟಿದರು.

ಅಷ್ಟರಲ್ಲಿ ಅಂಗಡಿಯ ರೇಡಿಯೊದಲ್ಲಿ ವಾರ್ತೆ ಶುರುವಾಯಿತು. ಸಾಲಿಗೆ ಸಾಲೇ ಅತ್ತ ಕಿವಿಗೊಟ್ಟಿತು. ಪೆಟ್ರೋಲಿಗೆ ಏರಿಕೆ, ಸೀಮೆಎಣ್ಣೆ ಹಳೆಯ ದರಕ್ಕೇ. ನನ್ನ ಮುಂದಿದ್ದಾಕೆ ಡಬ್ಬಿ ಕೆಳಗಿಟ್ಟು, ಅದರ ಮೇಲೇ ಕುಳಿತು ನಕ್ಕುಬಿಟ್ಟಳು.

ಅಂಗಡಿಯವರು ಗೋಡೆಗೆ ಒರಗಿಸಿದ್ದ ತಮ್ಮ ಮೊಪೆಡ್ಡಿನ ಕಡೆ ನೋಡಿದರು. "ಆತು, ನಾಳಿಂದ ಆನು ನಡ್ಕಂಡೇ ಹೋಗ್ತೆ. ದೀಪ ಉರದ್ರೆ ಸಾಕು."

ನನ್ನ ಸರದಿ ಬಂದಾಗ ಯಾವ ಅವಸರವೂ ಉಳಿದಿರಲಿಲ್ಲ. ಅವರು ಮಾಪು ತುಂಬಿಸಿದರು. ಇಬ್ಬರೂ ಕೈಕಟ್ಟಿ, ನೊರೆ ಇಳಿಯುವುದನ್ನು ನೋಡುತ್ತ ನಿಂತೆವು.