ಎರೆನೆಲ ನುಂಗಿದ ಜಲ್ಲಿ

ಕುರುಗೋಡು ಗುಡ್ಡದ ಹಿಂದೆ ಬೆಳಕು ಹರಿಯುವ ಹೊತ್ತಿಗೆ ಪಾರಮ್ಮ ಕಲ್ಲಿನ ರಾಶಿಯ ಮುಂದೆ ಕಾಲು ಚಾಚಿ ಕೂತಾಗಿದೆ. ಎಡಗೈ ಬೆರಳುಗಳಿಗೆ ಹಳೆ ಸೀರೆಯ ಚಿಂದಿ ಸುತ್ತಿದ್ದಾಳೆ. ಸುತ್ತಿಗೆ ಬೀಸಿದರೆ ಗುಂಡುಕಲ್ಲು ಒಡೆದು ನಿಂಬೆಹಣ್ಣಿನ ಗಾತ್ರದ ಜಲ್ಲಿಯಾಗುತ್ತದೆ. ಅದು ಬಂಡಿಯೇರಿ ಸಿರುಗುಪ್ಪದ ರಸ್ತೆಗೆ ಹೋಗುತ್ತದೆ. ಆ ರಸ್ತೆಯಲ್ಲಿ ಓಡಾಡುವ ಯಾರಿಗೂ ಇವಳ ಹೆಸರು ಗೊತ್ತಿಲ್ಲ.

ಈ ಸೀಮೆಯನ್ನು ಮಾಡಿದ ದೇವರು ಅಂದು ಯಾವ ಧ್ಯಾನದಲ್ಲಿದ್ದನೋ! ಕಲ್ಲನ್ನೆಲ್ಲ ಬಳ್ಳಾರಿ, ಕುರುಗೋಡಿನಲ್ಲಿ ಗುಡ್ಡೆ ಹಾಕಿ, ಸಿರುಗುಪ್ಪದ ಕಡೆಗೆ ಬರೀ ಎರೆಮಣ್ಣು ಸುರಿದುಬಿಟ್ಟ. ಅಲ್ಲಿ ಹತ್ತಿ, ಜೋಳ ಹುಲುಸಾಗಿ ಬೆಳೆಯುತ್ತವೆ. ನಾಯಿಗೆ ಎಸೆಯಲು ಒಂದು ಕಲ್ಲು ಸಿಗುವುದಿಲ್ಲ. ಬೇಸಿಗೆಯಲ್ಲಿ ಹತ್ತಿ ಹೇರಿದ ಬಂಡಿಗಳು ಬಳ್ಳಾರಿಯ ರೈಲಿಗೆ ಸಾಲುಗಟ್ಟಿ ಬರುತ್ತವೆ. ಮಳೆ ಬಿತ್ತೋ, ಅದೇ ದಾರಿಯಲ್ಲಿ ಗಾಲಿ ಅಚ್ಚಿನವರೆಗೆ ಹೂತುಹೋಗುತ್ತದೆ. ಸರಕಾರ ಪ್ರತಿ ಬೇಸಿಗೆ ಜಲ್ಲಿ ಹಾಕಿಸುತ್ತದೆ, ಪ್ರತಿ ಮಳೆಗಾಲ ಎರೆ ಅದನ್ನು ಒಳಗೆಳೆದುಕೊಳ್ಳುತ್ತದೆ.

"ಎಷ್ಟು ಜಲ್ಲಿ ಹೋತು ಅಂತ ಕೇಳ್ಬ್ಯಾಡ್ರಿ," ಎನ್ನುತ್ತಾಳೆ ಪಾರಮ್ಮ. "ನನ್ನ ಹರೇವೆಲ್ಲ ಆ ಕೆಸರಿನಾಗ ಐತಿ."

ಹರೆಯವಷ್ಟೇ ಅಲ್ಲ. ಎರೆಯವರ ಮನೆಯಲ್ಲಿ ಉಣ್ಣಲು ಕೊರತೆಯಿಲ್ಲವೆಂದು ಇಬ್ಬರು ಹೆಣ್ಣುಮಕ್ಕಳನ್ನೂ ಸಿರುಗುಪ್ಪದ ಹತ್ತಿರದ ಒಂದೇ ಹಳ್ಳಿಗೆ ಕೊಟ್ಟಿದ್ದಳು. ಚೊಚ್ಚಲ ಬಸುರಿಗೆ ಏಳನೆಯ ತಿಂಗಳಲ್ಲಿ ಸೀಮಂತದ ಕುಬಸ ಮಾಡಿ ತವರಿಗೆ ಕರೆತರುವುದು ಪದ್ಧತಿ. ಅದಕ್ಕೆ ಮುಂಚೆ ಬೀಗರು ಕಳಿಸುವುದಿಲ್ಲ. ಹಿರಿಯವಳು ಸುಂಕಮ್ಮನಿಗೆ ಆ ತಿಂಗಳು ಮಳೆಗಾಲಕ್ಕೇ ಬಂತು. ಬೀಗರು ಬೇಡವೆಂದರೂ ಪಾರಮ್ಮ ಹಟ ಹಿಡಿದು ಬಂಡಿ ಕಟ್ಟಿಸಿದಳು. ನಡುದಾರಿಯಲ್ಲಿ ಗಾಲಿಗಳು ಹೂತುಹೋದವು. ಎತ್ತುಗಳ ಜಗ್ಗಾಟಕ್ಕೆ ಸುಂಕಮ್ಮನಿಗೆ ಅಲ್ಲೇ ನೋವು ಶುರುವಾಯಿತು. ಸೂಲಗಿತ್ತಿಯನ್ನು ಕರೆತರಲು ಹೋದ ಬಂಡಿಯವನು ಕೆಸರಿನಲ್ಲಿ ಕಾಲು ಕಿತ್ತಿಡುತ್ತ ಮರಳುವಷ್ಟರಲ್ಲಿ ತಾಯಿಯೂ ಇಲ್ಲ, ಕೂಸೂ ಇಲ್ಲ.

"ಅವ್ವಾ, ಊರು ಇನ್ನಾ ದೂರ ಐತೇನ ಅಂತ ಕೇಳಿದ್ಲು. ಇಲ್ಲವ್ವಾ, ಬಂತು ಅಂತ ಸುಳ್ಳು ಹೇಳ್ದೆ."

ಅಂದಿನಿಂದ ಅವಳು ಎಲ್ಲರಿಗಿಂತ ಮೊದಲು ಬಂದು, ಎಲ್ಲರೂ ಹೋದ ಮೇಲೆ ಏಳುತ್ತಾಳೆ. "ಇಷ್ಟ್ಯಾಕ ಬಡಕೊಂತಿ ಪಾರವ್ವ ಅಂದ್ರ ಕೇಳಂಗಿಲ್ರಿ," ಎಂದು ಮೇಸ್ತ್ರಿ ಗೌಸಸಾಬ್ ತಲೆಯಾಡಿಸುತ್ತಾನೆ. ಕಿರಿಯ ಮಗಳು ಹಂಪಕ್ಕನ ಸರದಿ ಬರುವುದರೊಳಗೆ ದಾರಿ ಗಟ್ಟಿಯಾಗಬೇಕು ಎಂಬುದೊಂದೇ ಅವಳ ತಲೆಯಲ್ಲಿತ್ತು.

ಈಗ ಹಂಪಕ್ಕನಿಗೆ ಏಳನೆಯ ತಿಂಗಳು. ಮೊನ್ನೆಯ ಒಂದೇ ಮಳೆಗೆ ಹೊಸ ಜಲ್ಲಿಯೆಲ್ಲ ಮಾಯವಾಗಿದೆ. ಪಾರಮ್ಮ ಮಗಳನ್ನು ಕರೆಯಲು ಹೋಗಲಿಲ್ಲ. ಅಲ್ಲೇ ಹೆರಿಗೆಯಾಗಲಿ ಎಂದು ಹೇಳಿಕಳಿಸಿದಳು. ಚೊಚ್ಚಲ ಬಸುರಿಗೆ ಯಾವ ತಾಯಿ ಅಂಥ ಮಾತು ಹೇಳಿಕಳಿಸುತ್ತಾಳೆ? ಕಾರಣವನ್ನೂ ತಿಳಿಸಲಿಲ್ಲ, ಅಕ್ಕನ ಸಾವನ್ನು ಬಸುರಿಗೆ ನೆನಪಿಸಲು ಅವಳಿಗೆ ಬಾಯಿ ಬರಲಿಲ್ಲ. ತನಗೆ ತವರೇ ಇಲ್ಲವೆಂದುಕೊಳ್ಳುತ್ತೇನೆ ಎಂದು ಹಂಪಕ್ಕ ಮರುಮಾತು ಕಳಿಸಿದ್ದಾಳೆ. ಪಾರಮ್ಮ ಅದನ್ನು ಹೇಳುವಾಗ ಅಳುವುದಿಲ್ಲ, ಕಲ್ಲು ಒಡೆಯುತ್ತಲೇ ಇರುತ್ತಾಳೆ.

ಇನ್ನೇನು ಆಸೆ ಎಂದು ಕೇಳಿದರೆ ಸುತ್ತಿಗೆ ಕೆಳಗಿಡುತ್ತಾಳೆ.

"ದಾರಿ ಗಟ್ಟಿ ಆಗ್ಲಿ ಅಂತ ಈಗ ಬೇಡ್ಕೊಳಂಗಿಲ್ರಿ. ನನ್ ಮಗಳ ಸಿಟ್ಟು ಇಳೀಬಾರ್ದು, ಅಷ್ಟಾ. ಇಳೀತಂದ್ರ ಬಂಡಿ ಹತ್ತಿ ಬಂದುಬಿಡ್ತಾಳ."